ಎಡೆದೊರೆನಾಡಿನ ಬಯಲೂ ವನ್ಯಜೀವಿಗಳ ನೆಲೆಯೂ

೧. ಉಪಕ್ರಮ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂದು ಹೆಸರ್ಗೊಂಡಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ನಾಡಿನ ಮಸ್ಕಿಯಲ್ಲಿ ೧೯೧೫ನೆಯ ಇಸವಿಯಲ್ಲಿ, ಚಿನ್ನದ ಗಣಿಗಳ ಶೋಧನೆಗಾಗಿ ಸಂಚರಿಸುತ್ತಿದ್ದ ಬೀಡನ್ ಎಂಬ ಇಂಜಿನಿಯರರು ಅಶೋಕನ ಶಾಸನವನ್ನು ಕಂಡುಹಿಡಿದರು. ‘ದೇವಾನಾಂಪ್ರಿಯ’ನೆಂಬ ಬಿರುದಿನ ದೊರೆಯು ಅಶೋಕನೇ ಎಂಬುದು ಆ ಶಾಸನದಿಂದಲೇ ನಿಸ್ಸಂದೇಹವಾಗಿ ಸ್ಥಿರಪಟ್ಟಿತು. ಅದೇ ದೊರೆಯು ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾದ ಇಪ್ಪತ್ತಾರು ವರ್ಷಗಳ ಮೇಲೆ, ಕೊಲ್ಲಬಾರದ ಪ್ರಾಣಿಪಕ್ಷಿಗಳನ್ನು ಹೆಸರಿಸಿ, ನಿಷ್ಪ್ರಯೋಜನವಾಗಿಯಾಗಲಿ ಜೀವಹಿಂಸೆಗಾಗಿಯಾಗಲಿ ಕಾಡನ್ನು ಸುಡಕೂಡದೆಂದು ಕಟ್ಟಳೆಮಾಡಿರುವನು. ಪ್ರಾಣಿಯನ್ನು ಉಳಿಸಬೇಕಾದರೆ ಅದರ ನೆಲೆಯನ್ನೂ ಉಳಿಸಬೇಕೆಂಬ ತಿಳಿವಳಿಕೆಯು ಈ ಕಟ್ಟಳೆಯಲ್ಲಿ ಅಡಗಿದೆ.

ಮಸ್ಕಿಯ ಸೀಮೆಯಲ್ಲಿಯೇ, ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಸಂತೆಕಲ್ಲೂರೆಂಬ ಗ್ರಾಮವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿಜ್ಞಾನಪ್ರದೀಪಿಕೆ’ಯನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳ ಹೆಸರಿನೊಡನೆ ಈ ಊರು ಸೇರಿಕೊಂಡಿದೆ. ಬೇಸಾಯಗಾರನ ಅನುಭವವೇ ಶಾಸ್ತ್ರಗ್ರಂಥವೊಂದಕ್ಕೆ ವಸ್ತುವಾಗಬಲ್ಲುದೆಂಬುದಕ್ಕೆ ಆ ಗ್ರಂಥವು ನಿದರ್ಶನವು. ದೊರೆಯ ಕಟ್ಟಳೆ ಒಂದು ಕಡೆ, ಒಕ್ಕಲಿಗನ ಅರಿವು ಇನ್ನೊಂದು ಕಡೆ; ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಕಾಡುಪ್ರಾಣಿಗಳ ನೆಲೆಯನ್ನು ಮರಳಿ ಕಟ್ಟುವ ಕಾರ್ಯವು ನೆರವೇರದೆಂಬುದನ್ನು ನಮ್ಮ ನಾಡಿನ ಕೆಲವು ಉದಾಹರಣೆಗಳಿಂದ ವಿವರಿಸಿ, ಆ ಪಾಠವು ಎಡೆದೊರೆಗೆ ಹೇಗೆ ಅನ್ವಯಿಸುವುದೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨. ನೆಲದ ಹೆಸರುಗಳು

ಮೊದಲು ಹೆಸರುಗಳನ್ನು ನೋಡೋಣ. ಬಯಲುಸೀಮೆಯ ಕನ್ನಡಿಗನು ನೆಲವನ್ನು ಎರೆ, ಮಸಾರಿ, ಮರಡಿ, ಗುಡ್ಡ, ಹಳ್ಳ, ಕೊಳ್ಳ, ಬೀಳು, ಬದು ಎಂದು ಬಗೆಬಗೆಯಾಗಿ ಕರೆಯುವನು. ಊರವರೆಲ್ಲರ ದನಕರುಗಳು ಮೇಯುವ ಬಯಲು ಹಳೆಯ ಮೈಸೂರಿನಲ್ಲಿ ಗೋಮಾಳ. ಉತ್ತರದ ಸೀಮೆಯಲ್ಲಿ ಗಾಯರಾಣ. ಅಮೃತಮಹಲಿನ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲಿಗೆ ಕಾವಲ್ ಎಂದು ಹೆಸರು. ‘ಕಾ’ ಎಂದರೆ ರಕ್ಷಿಸು, ಕಾವಲೆಂದರೆ ಕಾಯಲ್ಪಟ್ಟುದು. ಮನುಷ್ಯನು ಆ ನೆಲಕ್ಕೆ ಸಲ್ಲಿಸಬೇಕಾದ ಕರ್ತವ್ಯವೇ ಅದರ ಹೆಸರಾಯಿತು.

ಕಂದಾಯದ ಲೆಕ್ಕದಲ್ಲಿಯಾದರೋ ಬೇರೊಂದು ಮಾತು ಬಂದಿತು. ಉಳುಮೆಗೆ ಬಾರದ, ತೆರಿಗೆ ಹುಟ್ಟದ ನೆಲವನ್ನು ‘ಖರಾಬು’ ಎಂದು ಪಹಣಿಯಲ್ಲಿ ಬರೆಯುವ ರೂಢಿಯು ಇಂದಿಗೂ ಇದೆ. ಖರಾಬೆಂದರೆ ಕೆಟ್ಟದ್ದು. ಹುಲ್ಲೂ ಮುಳ್ಳುಗಂಟಿಗಳೂ ಬಂಡೆಗಳೂ ಕೂಡಿರುವ ಬಯಲು ಸರ್ಕಾರದ ಬೊಕ್ಕಸಕ್ಕೆ ನಿಷ್ಪ್ರಯೋಜಕವಾದುದರಿಂದ, ಅದು ಎಲ್ಲರಿಗೂ ನಿಷ್ಪ್ರಯೋಜಕವೆಂಬ ಭಾವನೆಯು ಕ್ರಮವಾಗಿ ನೆಲೆಯೂರಿತು. ವಾಸ್ತವವಾಗಿ ಅದು ಕೆಟ್ಟುಹೋದ ಕಾಡಲ್ಲ. ಮಳೆ ಕಡಮೆಯಾದ ದಖ್ಖಣದ ಪ್ರಸ್ಥಭೂಮಿಯಲ್ಲಿ ಹುಲ್ಲುಬಯಲೂ ಕುರುಚಲು ಕಾಡೂ ಸ್ವಭಾವಸಿದ್ಧವಾದ ರೂಪಗಳೇ ಆಗಿವೆ. ಚಿಗರಿ, ತೋಳ, ನರಿ, ಕತ್ತೆಕಿರುಬ, ಮೊಲ, ಉಡ, ಗೌಜಲಹಕ್ಕಿ, ಎರ್ಲಡ್ಡು ಇವೇ ಮೊದಲಾದ ಜೀವಿಗಳು ದಟ್ಟಡವಿಯಲ್ಲಿ ಬಾಳುವಂಥವಲ್ಲ. ಅವುಗಳಿಗೆ ಬಯಲೇ ಮನೆ.

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುವುದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬಯಲು ಇದಕ್ಕೆ ಸಾಕ್ಷಿ. ೧೯೫೦ರ ದಶಕದಿಂದ ಆ ಕುರುಚಲು ಭೂಮಿಯಲ್ಲಿ ನೀಲಗಿರಿ ಮರಗಳನ್ನು ವಿಶೇಷವಾಗಿ ನೆಡಲಾಯಿತು. ೧೯೭೪ರಲ್ಲಿ ಸುಮಾರು ೧೧೯ ಚದರ ಕಿಲೋಮೀಟರು ಪ್ರದೇಶವು ಕೃಷ್ಣಮೃಗಗಳ ಅಭಯಧಾಮವೆಂದು ಘೋಷಿತವಾಯಿತು. ಕೃಷ್ಣಮೃಗಗಳು ಹೇಗೋ ಉಳಿದುಕೊಂಡವು. ತೆರೆದ ಹುಲ್ಲುನೆಲವನ್ನೇ ನೆಚ್ಚಿದ್ದ ಎರ್ಲಡ್ಡು ಹಕ್ಕಿಯು ಅಲ್ಲಿಂದ ಮರೆಯಾಯಿತು. ಮರ ನೆಟ್ಟವರ ಉದ್ದೇಶವು ಕೆಟ್ಟುದಾಗಿರಲಿಲ್ಲ. ಆದರೆ ಹಸುರಾದುದೆಲ್ಲವೂ ಕಾಡಲ್ಲ, ಬೋಳಾದುದೆಲ್ಲವೂ ಬರಡಲ್ಲ ಎಂಬ ವಿವೇಕವು ಅಲ್ಲಿ ಇರಲಿಲ್ಲ.

೩. ನೆಲೆ ಮುರಿಯುವುದೆಂದರೇನು?

ಕಾಡಿನ ಅಳತೆ ಕುಗ್ಗುವುದು ಒಂದು ಹಾನಿ. ಉಳಿದ ಕಾಡು ತುಂಡುತುಂಡಾಗುವುದು ಇನ್ನೊಂದು ಹಾನಿ. ಎರಡನೆಯದು ಕಣ್ಣಿಗೆ ಬೇಗ ಕಾಣಿಸದು. ೧೯೬೭ರಲ್ಲಿ ಮ್ಯಾಕಾರ್ಥರ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಸಮುದ್ರದ್ವೀಪಗಳ ಜೀವಿಗಳನ್ನು ಕುರಿತು ಒಂದು ಸಿದ್ಧಾಂತವನ್ನು ಪ್ರತಿಪಾದಿಸಿದರು. ದ್ವೀಪವು ಕಿರಿದಾದಷ್ಟೂ ಅಲ್ಲಿ ಜೀವಜಾತಿಗಳು ಬೇಗ ನಶಿಸುವುವು. ಅದು ದೂರವಾದಷ್ಟೂ ಹೊಸ ಜೀವಿಗಳು ಬಂದು ನೆಲಸುವುದು ವಿರಳವಾಗುವುದು. ಹೊಲಗದ್ದೆಗಳ ನಡುವೆ ಉಳಿದ ಗುಡ್ಡವೂ ಇಂಥ ದ್ವೀಪವೇ. ಅಲ್ಲಿರುವ ಪ್ರಾಣಿಗಳು ತಮ್ಮ ತಮ್ಮಲ್ಲಿಯೇ ಕೂಡಿ ಸಂತತಿಯು ಬಲಗುಂದುವುದು. ಒಂದು ಬರಗಾಲವೋ ಒಂದು ರೋಗವೋ ಬಂದರೆ ಇಡಿಯ ಕುಲವೇ ಅಳಿಯುವುದು. ಅಳಿದ ಬಳಿಕ ನೆರೆಯ ಗುಡ್ಡದಿಂದ ಬಂದು ಸೇರಲು ದಾರಿಯಿರದು. ತೋಳದ ಒಂದು ಹಿಂಡು ಬಾಳಬೇಕಾದರೆ ನೂರಕ್ಕೂ ಮಿಕ್ಕ ಚದರ ಕಿಲೋಮೀಟರುಗಳ ಸಂಚಾರಭೂಮಿಯು ಬೇಕಾಗುವುದೆಂದರೆ, ಒಂದು ಗುಡ್ಡಕ್ಕೆ ಬೇಲಿಹಾಕಿ ತೋಳವನ್ನು ಉಳಿಸಲಾಗದೆಂಬುದು ಸ್ಪಷ್ಟವಾಗುವುದು.

ಆದುದರಿಂದ ಮಾಡತಕ್ಕ ಕಾರ್ಯಗಳು ಎರಡು. ಕೆಟ್ಟ ನೆಲೆಯನ್ನು ಅದರ ಸಹಜರೂಪಕ್ಕೆ ತರುವುದು ಒಂದು. ಬೇರೆಬೇರೆಯಾದ ನೆಲೆಗಳ ನಡುವೆ ಸಂಚಾರದ ದಾರಿಯನ್ನು ಒದಗಿಸುವುದು ಇನ್ನೊಂದು. ಆ ದಾರಿಯಾದರೋ ಪ್ರಾಯಶಃ ಯಾರದೋ ಹೊಲದ ಮೇಲೆ, ಯಾವುದೋ ಊರಿನ ಪಕ್ಕದಲ್ಲಿ, ಯಾರದೋ ಕುರಿಹಟ್ಟಿಯ ಮುಂದೆ ಹಾದುಹೋಗುವುದು. ಆ ಜನರ ಸಮ್ಮತಿಯಿಲ್ಲದೆ ಅದು ಕಾಗದದ ಮೇಲಣ ಗೆರೆಯಾಗಿಯೇ ಉಳಿಯುವುದು. ಗ್ರಾಮಸಮುದಾಯದ ಪ್ರಶ್ನೆಯು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಕಾರ್ಯದ ಸ್ವರೂಪದಿಂದಲೇ ಹುಟ್ಟಿದುದು.

೪. ಕೊಕ್ಕರೆ ಬೆಳ್ಳೂರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾನದಿಗೆ ಸಮೀಪವಾಗಿ, ಕೊಕ್ಕರೆ ಬೆಳ್ಳೂರೆಂಬ ಗ್ರಾಮವಿದೆ. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಣ ಹುಣಿಸೆ ಮೊದಲಾದ ಮರಗಳ ಮೇಲೆ, ಮನೆಗಳ ಮಾಡಿಗೆ ತಾಗುವಷ್ಟು ಹತ್ತಿರದಲ್ಲಿ, ಗೂಡುಕಟ್ಟಿ ಮರಿಮಾಡುವುವು. ಹಿಂದೆ ನದೀತೀರದಲ್ಲಿದ್ದ ಊರು ೧೯೧೬ರಲ್ಲಿ ಪ್ಲೇಗಿನ ಕಾರಣದಿಂದ ಸ್ಥಳಾಂತರವಾದಾಗ ಹಕ್ಕಿಗಳೂ ಜನರನ್ನು ಹಿಂಬಾಲಿಸಿ ಬಂದವೆಂದು ಊರವರು ಹೇಳುವರು. ಹಕ್ಕಿಗಳು ಬಂದರೆ ಮಳೆಬೆಳೆ ಚೆನ್ನಾಗುವುದೆಂಬ ನಂಬಿಕೆಯೂ, ಅವುಗಳ ಹಿಕ್ಕೆಯು ಒಳ್ಳೆಯ ಗೊಬ್ಬರವೆಂಬ ಅನುಭವವೂ ಈ ಸಹವಾಸಕ್ಕೆ ಆಧಾರಗಳಾಗಿದ್ದುವು.

೧೯೭೬ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಈ ಪಕ್ಷಿನೆಲೆಯನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ಆ ವೇಳೆಗೆ ಸ್ಥಿತಿಯು ಬದಲಾಗುತ್ತಲಿತ್ತು. ಗೂಡಿರುವ ಮರದ ಹುಣಿಸೆಯ ಫಲವು ಮರದೊಡೆಯನಿಗೆ ಪೂರ್ಣವಾಗಿ ದೊರೆಯದು. ಮರವನ್ನು ಮಾರಿದರೆ ಹಣ ಬರುವುದು. ನಂಬಿಕೆಯೊಂದೇ ಈ ನಷ್ಟವನ್ನು ತುಂಬಲಾರದೆಂಬುದನ್ನು ಅರಿತು, ಅರಣ್ಯ ಇಲಾಖೆಯು ಗೂಡಿರುವ ಮರಗಳ ಒಡೆಯರಿಗೆ ಪರಿಹಾರಧನವನ್ನು ಕೊಡುವ ಪದ್ಧತಿಯನ್ನು ಆರಂಭಿಸಿತು. ೧೯೯೦ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಸಂಘವೊಂದು ಊರವರೊಡನೆ ಸೇರಿ ಕೆಲಸಮಾಡಲಾಗಿ, ‘ಹೆಜ್ಜಾರ್ಲೆ ಬಳಗ’ವೆಂಬ ಗ್ರಾಮಸ್ಥರ ಕೂಟವು ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬೆಳೆದ ಮೇಲೆ ಬಿಡುವುದು, ಮರಗಳನ್ನು ನೆಡುವುದು, ಇವು ಅದರ ಕಾರ್ಯಗಳು. ೨೦೦೭ರಲ್ಲಿ ಈ ಊರು ಸಮುದಾಯ ಮೀಸಲುಪ್ರದೇಶವೆಂದು ಘೋಷಿತವಾಯಿತು. ವನ್ಯಜೀವಿ ಸಂರಕ್ಷಣೆಯ ೧೯೭೨ರ ಕಾಯಿದೆಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿಯಿಂದ ಹುಟ್ಟಿದ ಈ ವರ್ಗದಲ್ಲಿ, ಜನರ ಸ್ವತ್ತು ಜನರದೇ ಆಗಿ ಉಳಿಯುವುದು. ರಕ್ಷಣೆಯ ಹೊಣೆಯನ್ನು ಅವರೇ ಒಪ್ಪಿ ಹೊರುವರು.

ಆದರೆ ಕಥೆಯು ಇಲ್ಲಿಗೆ ಸುಖಾಂತವಾಗಲಿಲ್ಲ. ೨೦೧೭ರ ಡಿಸೆಂಬರಿನಿಂದ ಮುಂದಣ ತಿಂಗಳುಗಳಲ್ಲಿ ಅನೇಕ ಹೆಜ್ಜಾರ್ಲೆಗಳು ಹುಳುಗಳ ಬಾಧೆಯಿಂದ ಸತ್ತವು. ಗೂಡಿನ ಮರ ಊರಲ್ಲಿದೆ. ಮೀನು ದೊರೆಯುವ ಕೆರೆಗಳು ಊರ ಹೊರಗೆ ದೂರದೂರದಲ್ಲಿವೆ. ಮರವನ್ನು ಕಾಯ್ದವರು ಆ ಕೆರೆಗಳೆಲ್ಲವನ್ನೂ ಕಾಯಲಾರರು. ಒಂದು ಊರಿನ ಸದ್ಭಾವವು ಎಷ್ಟೇ ದೊಡ್ಡದಾದರೂ, ಅದು ನೆರೆಯ ಊರುಗಳ ಕೆರೆಕಟ್ಟೆಗಳೊಡನೆ ಕೂಡಿಕೊಂಡಲ್ಲದೆ ಪಕ್ಷಿಸಂತತಿಯು ಕ್ಷೇಮವಾಗಿರದೆಂಬುದು ಇಲ್ಲಿಯ ಎರಡನೆಯ ಪಾಠ.

೫. ಬಿಳಿಗಿರಿಯ ಸೋಲಿಗರು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಗಳು ಪೂರ್ವಪಶ್ಚಿಮ ಘಟ್ಟಗಳಿಗೆ ಸೇತುವೆಯಂತಿರುವುವು. ಅಲ್ಲಿಯ ಮೂಲನಿವಾಸಿಗಳು ಸೋಲಿಗರು. ೧೯೭೪ರಲ್ಲಿ ಈ ಕಾಡು ಅಭಯಾರಣ್ಯವಾದಾಗ ಅವರ ಬೇಟೆಯೂ ಕುಮರಿಬೇಸಾಯವೂ ನಿಂತುವು. ಅನೇಕರು ತಮ್ಮ ಪೋಡುಗಳನ್ನು ಬಿಟ್ಟು ಬೇರೆಡೆ ನೆಲಸಬೇಕಾಯಿತು. ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ಅವರು ಇಡುತ್ತಿದ್ದ ‘ತರಗುಬೆಂಕಿ’ಯೂ ನಿಷಿದ್ಧವಾಯಿತು. ಹೊರಗಿನವರಿಗೆ ಬೆಂಕಿಯೆಲ್ಲವೂ ಒಂದೇ. ಸೋಲಿಗ ಹಿರಿಯರ ಮಾತೇ ಬೇರೆ: ತರಗುಬೆಂಕಿಯು ನೆಲದ ಮೇಲೆ ತೆಳ್ಳಗೆ ಹರಿದು ಆರುವುದು, ಅದರಿಂದ ಹುಲ್ಲು ಚಿಗುರುವುದು, ಹೊಸ ಗಿಡಗಂಟಿಗಳು ಅಡಗುವುವು, ಅದು ನಿಂತ ಮೇಲೆಯೇ ಲಂಟಾನದ ಪೊದೆಯು ಕಾಡನ್ನೆಲ್ಲ ಆಕ್ರಮಿಸಿತು. ಅಮೆರಿಕಾ ಖಂಡದಿಂದ ತೋಟದ ಗಿಡವಾಗಿ ಬಂದ ಈ ಲಂಟಾನವು ಬಿಳಿಗಿರಿಯಲ್ಲಿ ಬಹುವಾಗಿ ಹಬ್ಬಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿದುದನ್ನು ಬೆಂಗಳೂರಿನ ಅಶೋಕ ಪರಿಸರ ಸಂಶೋಧನ ಸಂಸ್ಥೆಯ ವಿದ್ವಾಂಸರು ಅಳೆದು ತೋರಿಸಿರುವರು. ಹಿರಿಯರ ಅನುಭವವಾಕ್ಯವನ್ನು ವಿಜ್ಞಾನಿಗಳು ಪರೀಕ್ಷಾರ್ಹವಾದ ಪಕ್ಷವೆಂದು ಸ್ವೀಕರಿಸಿದುದು ಶ್ಲಾಘ್ಯವಾದ ವಿಷಯ.

೨೦೦೬ರ ಅರಣ್ಯಹಕ್ಕು ಕಾಯಿದೆಯು, ತಾವು ಪರಂಪರೆಯಿಂದ ಕಾಯ್ದುಕೊಂಡು ಬಂದ ಸಮುದಾಯದ ಅರಣ್ಯವನ್ನು ರಕ್ಷಿಸುವ, ಪುನರುಜ್ಜೀವಿಸುವ ಹಕ್ಕನ್ನು ವನವಾಸಿಗಳಿಗೆ ಕೊಟ್ಟಿದೆ. ಅದರ ಪ್ರಕಾರ ೨೦೧೧ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯಹಕ್ಕುಗಳು ಮಾನ್ಯವಾದುವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಸೋಲಿಗರು ತಮ್ಮ ಕುಲಗಳ ದೇವರು, ಮಾರಮ್ಮ, ವೀರ, ಅಬ್ಬಿ, ಕಲ್ಲುಗುಡಿ ಮೊದಲಾದ ನೂರಾರು ತಾಣಗಳನ್ನು ಸಂಶೋಧಕರೊಡನೆ ಕೂಡಿ ನಕ್ಷೆಯಲ್ಲಿ ಗುರುತಿಸಿರುವರು. ಇಲಾಖೆಯ ನಕ್ಷೆಯಲ್ಲಿ ಸಂಖ್ಯೆಗಳಾಗಿದ್ದ ಸ್ಥಳಗಳಿಗೆ ಹೀಗೆ ಹೆಸರುಗಳು ಮರಳಿ ಬಂದುವು.

ಸಂಚಾರದ ದಾರಿಗೂ ಈ ಸೀಮೆಯಲ್ಲಿಯೇ ಉದಾಹರಣೆಯಿದೆ. ಬಿಳಿಗಿರಿಯ ಕಾಡಿಗೂ ಕೊಳ್ಳೇಗಾಲದ ಕಡೆಯ ಕಾಡಿಗೂ ನಡುವೆ ಆನೆಗಳು ಹಾದುಹೋಗುವ ಇಕ್ಕಟ್ಟಾದ ಒಂದು ಹಾದಿಯುಂಟು. ಎಡೆಯಾರಹಳ್ಳಿ-ದೊಡ್ಡಸಂಪಿಗೆ ಎಂಬ ಆ ಹಾದಿಯಲ್ಲಿ ಖಾಸಗಿ ಹೊಲಗಳು ಅಡ್ಡಬಂದಿದ್ದುವು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವನ್ಯಜೀವಿ ಟ್ರಸ್ಟ್ ಎಂಬ ಸಂಸ್ಥೆಯು ಸುಮಾರು ೨೫ ಎಕರೆ ನೆಲವನ್ನು ಒಡೆಯರಿಂದ ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿತು. ಎರಡು ಮಹಾರಣ್ಯಗಳ ಸಂಬಂಧವು ಇಷ್ಟು ಅಲ್ಪವಾದ ನೆಲವನ್ನು ಅವಲಂಬಿಸಿದ್ದಿತೆಂಬುದು ಗಮನಾರ್ಹವಾದುದು. ನೆರೆಯ ನೇಪಾಳದಲ್ಲಿ ಬರ್ದಿಯಾ ಕಾಡನ್ನು ಭಾರತದ ಕತರ್ನಿಯಾಘಾಟಿನೊಡನೆ ಸೇರಿಸುವ ಖಾತಾ ಎಂಬ ವನಮಾರ್ಗವನ್ನು ಹಳ್ಳಿಗಳ ಸಮುದಾಯ ಅರಣ್ಯಸಮಿತಿಗಳೇ ಬೆಳೆಸಿ ಕಾಯುತ್ತಿರುವುವು. ಒಂದೆಡೆ ಕ್ರಯ, ಇನ್ನೊಂದೆಡೆ ಸ್ವಯಮಾಡಳಿತ. ಬಲಾತ್ಕಾರವಿಲ್ಲದೆ ದಾರಿ ತೆರೆಯಲು ಉಪಾಯಗಳು ಒಂದಕ್ಕಿಂತ ಹೆಚ್ಚು ಇರುವುವೆಂದು ಇದರಿಂದ ತಿಳಿಯುವುದು.

೬. ಎಡೆದೊರೆಯ ನೆರೆಹೊರೆ

ಇನ್ನು ನಮ್ಮ ಎಡೆದೊರೆಗೆ ಬರೋಣ. ೧೯೪೫ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕೆಲಸವು ೧೯೫೩ರ ಹೊತ್ತಿಗೆ ಕಾಲುವೆಗೆ ನೀರು ಹರಿಸುವ ಮಟ್ಟಕ್ಕೆ ಬಂದಿತು. ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಎರೆಯ ಭೂಮಿಯು ಬತ್ತದ ಗದ್ದೆಯಾಯಿತು. ಬರಗಾಲದ ನಾಡಿಗೆ ಅನ್ನ ದೊರೆಯಿತು. ಇದನ್ನು ಯಾರೂ ಹಳಿಯಲಾರರು. ಆದರೆ ಜೋಳದ ಹೊಲವು ಪೈರು ಕೊಯ್ದ ಮೇಲೆ ಚಿಗರಿಗೂ ಎರ್ಲಡ್ಡುವಿಗೂ ಬಯಲಾಗಿ ಒದಗುತ್ತಿತ್ತು; ಬತ್ತದ ಗದ್ದೆಯು ಹಾಗೆ ಒದಗದು. ಕರ್ನಾಟಕದಲ್ಲಿ ಈಚೆಗೆ ಕಾಣಿಸಿಕೊಂಡಿರುವ ಕೆಲವೇ ಎರ್ಲಡ್ಡುಗಳು, ಸಿಂಧನೂರಿಗೆ ಎದುರಾಗಿ ನದಿಯ ಆಚೆಗಿರುವ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳನ್ನು ಆಶ್ರಯಿಸಿರುವುವು. ಉಳುವ ಒಕ್ಕಲಿಗನ ಹೊಲವೇ ಆ ಹಕ್ಕಿಯ ಕೊನೆಯ ಆಸರೆಯಾಗಿರುವಾಗ, ಅವನನ್ನು ಬಿಟ್ಟು ಅದನ್ನು ಉಳಿಸುವ ಉಪಾಯವೇ ಇಲ್ಲ.

ಮತ್ತೊಂದು ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು ೩೩೨ ಹೆಕ್ಟೇರುಗಳಷ್ಟು ಪ್ರದೇಶವು ತೋಳಗಳ ಧಾಮವಾಗಿದೆ. ಹಂಪೆಗೆ ಹತ್ತಿರದ ದರೋಜಿಯ ಬಂಡೆಗುಡ್ಡಗಳು ೧೯೯೪ರಲ್ಲಿ ಕರಡಿಧಾಮವಾದುವು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ೩೪ ಕಿಲೋಮೀಟರು ಹರಿವು ೨೦೧೫ರಲ್ಲಿ ನೀರುನಾಯಿಗಳ ಮೀಸಲುಪ್ರದೇಶವಾಯಿತು. ಇವೆಲ್ಲವೂ ಒಳ್ಳೆಯ ಕಾರ್ಯಗಳೇ. ಆದರೆ ಇವು ಬಿಡಿಬಿಡಿಯಾದ ಮಣಿಗಳು; ಪೋಣಿಸುವ ದಾರವು ಇನ್ನೂ ಬೇಕಾಗಿದೆ. ಮುನ್ನೂರು ಹೆಕ್ಟೇರುಗಳಲ್ಲಿ ತೋಳವು ಮರಿಹಾಕಬಹುದು, ಬಾಳಲಾರದು. ಅದು ಧಾಮದ ಎಲ್ಲೆಯನ್ನು ದಾಟಿದೊಡನೆ ಕುರಿಕಾರನ ಹಿಂಡಿನ ಬಳಿ ಇರುವುದು. ಬಯಲುಸೀಮೆಯ ಕುರುಬರಲ್ಲಿ ತೋಳಕ್ಕೂ ಹಿಂಡಿನಲ್ಲಿ ಒಂದು ಪಾಲುಂಟೆಂಬ ಹಳೆಯ ಸೈರಣೆಯುಂಟು. ಆದರೆ ಮೇವಿನ ನೆಲ ಕಡಮೆಯಾಗಿ ಕುರಿಯ ಬೆಲೆ ಏರಿದಾಗ, ಆ ಸೈರಣೆಯ ಭಾರವನ್ನು ಅವನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ.

ಮೇವಿನ ನೆಲವು ಕಡಮೆಯಾದುದಕ್ಕೆ ಗಿಡವೊಂದೂ ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕಾ ಖಂಡದಿಂದ ಭಾರತಕ್ಕೆ ತರಲ್ಪಟ್ಟ ಒಂದು ಮುಳ್ಳುಮರಕ್ಕೆ ನಮ್ಮ ಜನರು ಬಳ್ಳಾರಿ ಜಾಲಿ, ಸೀಮೆಜಾಲಿ ಎಂದು ಹೆಸರಿಟ್ಟಿರುವರು. ಅದು ಹಳ್ಳದ ದಂಡೆಗಳನ್ನೂ ಬೀಳುಭೂಮಿಯನ್ನೂ ತುಂಬಿ, ಹುಲ್ಲಿಗೂ ಬನ್ನಿ, ಬಾರಿ, ಕವಳಿಗಳಿಗೂ ಎಡೆಗೊಡದು. ಆದರೆ ಬಡವರ ಒಲೆಗೆ ಕಟ್ಟಿಗೆಯೂ, ಇದ್ದಿಲು ಸುಡುವವರಿಗೆ ಜೀವನವೂ ಅದರಿಂದಲೇ. ಅದನ್ನು ಒಂದೇ ಸಲ ಕಿತ್ತೊಗೆಯಬೇಕೆನ್ನುವವರು ಈ ಮಾತನ್ನು ಮರೆಯಬಾರದು.

೭. ಮಾಡತಕ್ಕುದು

ಮೇಲಣ ನಿದರ್ಶನಗಳಿಂದ ಸಂತೆಕಲ್ಲೂರಿನಂತಹ ಊರುಗಳಿಗೆ ಉಪಯುಕ್ತವಾಗುವ ಕ್ರಮವೊಂದನ್ನು ಊಹಿಸಬಹುದಾಗಿದೆ.

ಮೊದಲನೆಯದಾಗಿ, ಗುಡ್ಡಗಳನ್ನು ಕೂಡಿಸುವ ಸಹಜವಾದ ದಾರಿಗಳು ಹಳ್ಳಗಳೇ. ಹಳ್ಳದ ಎರಡು ದಂಡೆಗಳಲ್ಲಿ ಸೀಮೆಜಾಲಿಯನ್ನು ವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಕಡಿದು, ಆ ಕಟ್ಟಿಗೆಯ ಲಾಭವು ಊರಿನ ಬಡವರಿಗೇ ಸಲ್ಲುವಂತೆ ಏರ್ಪಡಿಸಿ, ತೆರವಾದ ಎಡೆಯಲ್ಲಿ ನಾಡಗಿಡಗಳನ್ನೂ ಹುಲ್ಲನ್ನೂ ಬೆಳೆಯಗೊಟ್ಟರೆ, ಯಾರ ಹೊಲವನ್ನೂ ಕಸಿಯದೆ ಹರಿದಾರಿಗಟ್ಟಲೆ ಸಂಚಾರಮಾರ್ಗವು ದೊರೆಯುವುದು. ಅಗಲವಾದ ಬದುಗಳು ಹಳ್ಳಕ್ಕೂ ಗುಡ್ಡಕ್ಕೂ ಕೊಂಡಿಗಳಾಗುವುವು.

ಎರಡನೆಯದಾಗಿ, ಗಾಯರಾಣವನ್ನು ಅಗೆದು ಮರ ನೆಡುವುದನ್ನು ಬಿಟ್ಟು, ಊರವರೇ ಸರದಿಯ ಮೇಲೆ ಒಂದೊಂದು ಭಾಗಕ್ಕೆ ಮೇಯಿಸುವುದರಿಂದ ಬಿಡುವು ಕೊಡಬೇಕು. ಹುಲ್ಲು ಬೀಜಕಟ್ಟಿ ಉದುರಿಸುವಷ್ಟು ಕಾಲ ದೊರೆತರೆ ಬಯಲು ತಾನಾಗಿಯೇ ಚೇತರಿಸಿಕೊಳ್ಳುವುದು. ಈ ನೇಮವನ್ನು ನಿಶ್ಚಯಿಸುವಾಗ ಹೊಲವಿಲ್ಲದ ಕುರಿಕಾರನ ಮಾತೂ ಸಭೆಯಲ್ಲಿ ನಡೆಯತಕ್ಕದ್ದು. ಇಲ್ಲವಾದರೆ ಬಿಡುವೆಂಬುದು ಅವನೊಬ್ಬನ ಉಪವಾಸವಾದೀತು.

ಮೂರನೆಯದಾಗಿ, ತೋಳವು ಕುರಿಯನ್ನು ಹಿಡಿದರೆ, ಚಿಗರಿಯು ಪೈರನ್ನು ಮೇಯ್ದರೆ, ಪರಿಹಾರವು ಕೂಡಲೆ ಕೈಸೇರಬೇಕು. ಕೊಕ್ಕರೆ ಬೆಳ್ಳೂರಿನ ಹುಣಿಸೆಮರದ ಲೆಕ್ಕವೇ ಇಲ್ಲಿಯೂ ಸಲ್ಲುವುದು. ಕಾಡುಪ್ರಾಣಿಯಿಂದ ಸಂತೋಷವು ಲೋಕಕ್ಕೆ, ನಷ್ಟವು ಹಳ್ಳಿಯವನಿಗೆ ಎಂಬ ಸ್ಥಿತಿಯಲ್ಲಿ ಸಮುದಾಯದ ಸಹಕಾರವೆಂಬ ಮಾತು ಬರಿಯ ಉಪಚಾರವು.

ನಾಲ್ಕನೆಯದು ಅಧ್ಯಾಪಕರಿಗೂ ವಿದ್ವಾಂಸರಿಗೂ ಸೇರಿದ್ದು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮಪಂಚಾಯತಿಯಲ್ಲಿಯೂ ಒಂದು ಸಮಿತಿಯು ಇದ್ದು, ಊರಿನ ಗಿಡಮರ, ಪ್ರಾಣಿಪಕ್ಷಿ, ತಿಳಿವಳಿಕೆಗಳ ದಾಖಲೆಯನ್ನು ಜನರಿಂದಲೇ ಬರೆಯಿಸಬೇಕಾಗಿದೆ. ಈ ದಾಖಲೆಯು ತರ್ಜುಮೆಯ ಪದಗಳಿಂದ ತುಂಬಬಾರದು. ಯಾವ ಹುಲ್ಲಿಗೆ ಯಾವ ಹೆಸರು, ಯಾವ ಕೊಳ್ಳಕ್ಕೆ ತೋಳನ ಹೆಸರು, ಯಾವ ಮರಡಿಗೆ ನರಿಯ ಹೆಸರು ಎಂಬುದನ್ನು ಮುದುಕರ ಬಾಯಿಂದ ಕೇಳಿ ಬರೆದಿಡಲು ಕನ್ನಡದ ಅಧ್ಯಾಪಕನಿಗಿಂತ ಯೋಗ್ಯರು ಯಾರು? ಸ್ಥಳನಾಮಗಳ ಸಂಶೋಧನೆಯು ಇಲ್ಲಿ ಕೇವಲ ಭಾಷಾಶಾಸ್ತ್ರವಲ್ಲ. ಪ್ರಾಣಿಗಳು ಹಿಂದೆ ಎಲ್ಲಿ ಸಂಚರಿಸುತ್ತಿದ್ದುವೆಂಬುದಕ್ಕೆ ಅದೊಂದು ಸಾಕ್ಷ್ಯ. ದಾರಿಯನ್ನು ಮತ್ತೆ ತೆರೆಯಬೇಕಾದವರು ಮೊದಲು ಆ ಹಳೆಯ ದಾರಿಯನ್ನು ತಿಳಿದಿರಬೇಕು.

ಪಹಣಿಯ ‘ಖರಾಬು’ ಎಂಬ ಅಂಕಣವನ್ನು ಅಳಿಸುವ ಅಧಿಕಾರವು ನಮಗಿಲ್ಲ. ಆದರೆ ಅದೇ ನೆಲಕ್ಕೆ ಊರಿನವರು ಇಟ್ಟ ಹೆಸರನ್ನು ಅದರ ಪಕ್ಕದಲ್ಲಿ ಬರೆದಿಡುವ ಶಕ್ತಿಯು ನಮಗಿದೆ. ಆ ಹೆಸರುಗಳನ್ನು ಹೇಳಬಲ್ಲ ಮುದುಕರು ವರ್ಷವರ್ಷಕ್ಕೆ ಕಡಮೆಯಾಗುತ್ತಿರುವುದರಿಂದ, ಈ ಕಾರ್ಯವನ್ನು ತಡಮಾಡದೆ ಕೈಗೊಳ್ಳಬೇಕಾಗಿದೆ.